ಮಣ್ಣಿನಡಿಯ ಬಿಸಿಲು: ಅಪ್ಪನಿಗೊಂದು ಪತ್ರ

ಓಕೊಟೋಕ್ಸ್, ಆಲ್ಬರ್ಟಾ, ಕೆನಡಾ
ಜನವರಿ 2025

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ನೀವೂ ಅಮ್ಮನೂ ಕ್ಷೇಮವೆಂದು ನಂಬಿದ್ದೇನೆ. ಅರೇಬಿಕಾ ಕಾಫಿಯ ಕೊಯ್ಲು ಮುಗಿದಿರಬೇಕು. ರೋಬಸ್ಟಾಕ್ಕೆ ಆಳುಗಳು ಸಿಕ್ಕರೇ?

ಮೂಡಿಗೆರೆಯ ತೋಟದಲ್ಲಿ ಮೆಣಸಿನ ನರ್ಸರಿಗೆ ಪಾಲಿಹೌಸ್ ಕಟ್ಟಿ, ಅದರಡಿ ಶಾಖ ಕೂಡಿಡುವ ಪೈಪು ಹೂಳುತ್ತೇನೆಂದು ಅಣ್ಣ ಫೋನಿನಲ್ಲಿ ಹೇಳಿದ. ನಾನು ಕೆಲಸ ಮಾಡುವ ಹಸಿರುಮನೆಯ ವಿಡಿಯೊ ನೋಡಿ ಹುಟ್ಟಿದ ಹುಮ್ಮಸ್ಸು ಅದು. ದುಡ್ಡು ಹಾಕಬೇಕಾದವರು ನೀವಾದ್ದರಿಂದ ನಿಮಗೇ ಬರೆಯುತ್ತಿದ್ದೇನೆ.

ಇಲ್ಲಿ ಚಳಿ ಮೈನಸ್ 30ಕ್ಕೆ ಇಳಿಯುವುದುಂಟು, ಆದರೆ ಬಿಸಿಲಿಗೆ ಬರವಿಲ್ಲ. ಹೊಲದ ತುಂಬ ಹಿಮ ಬಿದ್ದಿದ್ದರೂ ಆಕಾಶ ನಿಚ್ಚಳವಾಗಿರುತ್ತದೆ. ಅಂಥ ಮಧ್ಯಾಹ್ನ ಹಸಿರುಮನೆಯ ಸೂರಿನಡಿ ಗಾಳಿ ಚೆನ್ನಾಗಿ ಕಾಯುತ್ತದೆ. ಕಿಂಡಿ ತೆರೆದು ಅದನ್ನು ಹೊರಗೆ ಬಿಟ್ಟರೆ ರಾತ್ರಿ ಗ್ಯಾಸ್ ಸುಡಬೇಕು. ಅದಕ್ಕೇ ಒಂದು ಫ್ಯಾನು ಆ ಬಿಸಿಗಾಳಿಯನ್ನು ಮೇಲಿನಿಂದ ಎಳೆದು, ಎರಡರಿಂದ ನಾಲ್ಕು ಅಡಿ ಆಳದಲ್ಲಿ ಸಾಲಾಗಿ ಹೂಳಿದ ತೂತುಪೈಪುಗಳೊಳಗೆ ತಳ್ಳುತ್ತದೆ. ಗಾಳಿ ಶಾಖವನ್ನು ಮಣ್ಣಿಗೆ ಕೊಟ್ಟು ತಣ್ಣಗಾಗಿ ಆಚೆ ತುದಿಯಲ್ಲಿ ಮೇಲೆ ಬರುತ್ತದೆ. ರಾತ್ರಿ ಅದೇ ಫ್ಯಾನು, ಅದೇ ಪೈಪು. ಆಗ ತಣ್ಣನೆಯ ಗಾಳಿ ಮಣ್ಣಿನೊಳಗೆ ಹಾದು ಬೆಚ್ಚಗಾಗಿ ಗಿಡಗಳ ನಡುವೆ ಬರುತ್ತದೆ.

ಇದರಲ್ಲಿ ಹೆಚ್ಚಿನ ಕೆಲಸ ಮಾಡುವುದು ಗಾಳಿಯಲ್ಲಿರುವ ತೇವ. ಟೊಮೆಟೊ ಎಲೆಗಳು ಹಗಲಿಡೀ ಆವಿ ಬಿಡುತ್ತವೆ. ಒಂದು ಲೀಟರ್ ನೀರಾಗುವಷ್ಟು ಆವಿ ಪೈಪಿನೊಳಗೆ ಹನಿಗಟ್ಟಿದರೆ, ಆಗ ಬಿಡುಗಡೆಯಾಗುವ ಶಾಖ ಹತ್ತು ಲೀಟರ್ ನೀರನ್ನು 20 ಡಿಗ್ರಿಯಿಂದ 75 ಡಿಗ್ರಿಯಾಚೆಗೆ ಕಾಯಿಸಲು ಸಾಕು. ಬರೀ ಒಣಗಾಳಿಯಲ್ಲಿ ಅಷ್ಟು ಕಸುವಿಲ್ಲ. ಆ ಹನಿಗಳೂ ತೂತುಗಳಿಂದ ಇಳಿದು ಬೇರಿಗೆ ಸೇರುತ್ತವೆ. ಹೊರಗಿನ ನೆಲ ನಾಲ್ಕು ಅಡಿಯವರೆಗೂ ಹೆಪ್ಪುಗಟ್ಟುವ ಊರಾದ್ದರಿಂದ ಅಡಿಪಾಯದ ಸುತ್ತ ದಪ್ಪ ಥರ್ಮಾಕೋಲ್ ಹಲಗೆಗಳನ್ನು ನಿಲ್ಲಿಸಿದ್ದಾರೆ. ಇಲ್ಲದಿದ್ದರೆ ಕೂಡಿಟ್ಟದ್ದೆಲ್ಲ ಅಂಚಿನಿಂದ ಸೋರಿಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಇದು ಹಗಲಿನ ಶಾಖವನ್ನು ರಾತ್ರಿಗೆ, ಹೆಚ್ಚೆಂದರೆ ಕೆಲವು ಮೋಡದ ದಿನಗಳಿಗೆ ಒದಗಿಸುವ ಉಪಾಯ. ಕಡುಚಳಿಯಲ್ಲಿ ನಮ್ಮಲ್ಲೂ ಗ್ಯಾಸ್ ಹೀಟರ್ ಉರಿಯುತ್ತದೆ. ಅಣ್ಣ ನೋಡಿದ ವಿಡಿಯೊದಲ್ಲಿ ಅದು ಕಾಣುವುದಿಲ್ಲ.

ಬೇಸಿಗೆಯ ಬಿಸಿಲನ್ನು ಚಳಿಗಾಲದವರೆಗೆ ಕಾಪಿಡಬೇಕಾದರೆ ಆಳಕ್ಕೇ ಇಳಿಯಬೇಕು. ಇದೇ ಊರಿನ ಡ್ರೇಕ್ ಲ್ಯಾಂಡಿಂಗ್ ಬಡಾವಣೆಯಲ್ಲಿ 2007ರಿಂದ ಅದನ್ನು ಮಾಡಿ ತೋರಿಸಿದರು. 52 ಮನೆಗಳು, ಗ್ಯಾರೇಜುಗಳ ಮೇಲೆ ಬಿಸಿಲಿನ ಶಾಖ ಹಿಡಿಯುವ ಸುಮಾರು 800 ಸೌರಫಲಕಗಳು, ಆ ಶಾಖವನ್ನು ನೆಲಕ್ಕೆ ಇಳಿಸಲು ಸುಮಾರು 35 ಮೀಟರ್ ಆಳದ 144 ಕೊಳವೆಗಳು. ಬೇಸಿಗೆ ಮುಗಿಯುವಾಗ ಆ ನೆಲದ ನಡುಭಾಗ 80 ಡಿಗ್ರಿ ಮುಟ್ಟುತ್ತಿತ್ತು, ಬೂದಿ ಮುಚ್ಚಿದ ಕೆಂಡದ ಹಾಗೆ. ಮೊದಲ ವರ್ಷ ಮನೆಗಳಿಗೆ ಬೇಕಾದ ಶಾಖದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಸೂರ್ಯನಿಂದ ಸಿಕ್ಕಿತು. ಮಣ್ಣೇ ಮೊದಲು ಕಾಯಬೇಕಲ್ಲ! ಐದನೆಯ ವರ್ಷಕ್ಕೆ ಶೇ. 90 ದಾಟಿತು, 2015-16ರ ಚಳಿಗಾಲದಲ್ಲಿ ಪೂರ್ತಿ ಶೇ. 100. ಆಮೇಲೆ ಯಂತ್ರಗಳು ಹಳತಾದವು, ಬಿಡಿಭಾಗ ಸಿಗುವುದು ಕಷ್ಟವಾಯಿತು, 2024ರಲ್ಲಿ ಇಡೀ ವ್ಯವಸ್ಥೆಯನ್ನು ಮುಚ್ಚುವ ಕೆಲಸ ಶುರುವಾಯಿತು. ಮೋಟಾರು ಕೆಟ್ಟಾಗ ಮೆಕ್ಯಾನಿಕ್‌ನ ದಾರಿ ಕಾಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ನಮ್ಮ ತೋಟದ ಮಾತು. ನನ್ನ ಅಭಿಪ್ರಾಯ ಕೇಳಿದರೆ ಪೈಪು ಬೇಡ. ಮಣ್ಣಿನಲ್ಲಿ ತೇವ ಇದ್ದರೆ ಒಳ್ಳೆಯದೇ, ಒಣಮಣ್ಣಿಗಿಂತ ಹೆಚ್ಚು ಶಾಖ ಹಿಡಿಯುತ್ತದೆ. ಆದರೆ ನೀರು ಹರಿಯತೊಡಗಿದರೆ ಶಾಖವನ್ನೂ ಹೊತ್ತುಕೊಂಡು ಹೋಗುತ್ತದೆ. 80 ಇಂಚು ಮಳೆ ಸುರಿಯುವ ಕಡೆ ಆ ಪೈಪುಗಳು ಗಾಳಿಯ ದಾರಿಯಾಗದೆ ಬಸಿಗಾಲುವೆಯಾಗುತ್ತವೆ. ಇಲಿ, ಹಾವುಗಳ ಮಾತು ಬೇರೆ. ಇಷ್ಟಕ್ಕೂ ನೀರು ಹೆಪ್ಪುಗಟ್ಟದ ನಮ್ಮ ಚಳಿಗೆ ಮೆಣಸಿನ ಬಳ್ಳಿ ಸಾಯುವುದಿಲ್ಲ.

ನಿಮಗೆ ನಿಜವಾಗಿ ತಲೆನೋವಾಗಿರುವುದು ಕಣದಲ್ಲಿ ಹರವಿದ ಹಣ್ಣಿನ ಮೇಲೆ ಬೀಳುವ ಅಕಾಲ ಮಳೆ. ಪಾಲಿಹೌಸ್ ಶೀಟು ಅಲ್ಲಿ ಕೆಲಸಕ್ಕೆ ಬರುತ್ತದೆ. ಅಣ್ಣನಿಗೆ ಒಂದನ್ನು ಮಾತ್ರ ಒತ್ತಿ ಹೇಳಿ: ಇಲ್ಲಿ ನಾವು ತೇವವನ್ನು ಒಳಗೇ ಹಿಡಿದು ಮಣ್ಣಿಗೆ ಇಳಿಸುತ್ತೇವೆ, ಕಾಫಿ ಒಣಗಿಸುವಲ್ಲಿ ತೇವವನ್ನು ಹೊರಗೆ ಅಟ್ಟಬೇಕು. ಸೂರಿನ ನೆತ್ತಿಯಲ್ಲಿ ಕಿಂಡಿ, ಎರಡೂ ತುದಿಗೆ ಗಾಳಿಯಾಡುವ ಬಾಗಿಲು ಇರಲೇಬೇಕು. ಮುಚ್ಚಿಟ್ಟರೆ ಹಣ್ಣಿಗೆ ಬೂಷ್ಟು ಹಿಡಿಯುತ್ತದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ, ಶೀಟಿನ ಬೆಲೆಯನ್ನು ನನಗೆ ತಿಳಿಸಿ. ನಾನೂ ಸ್ವಲ್ಪ ಹಣ ಕಳಿಸುತ್ತೇನೆ.

ಅಣ್ಣ ಪೈಪೇ ಬೇಕೆಂದು ಹಟ ಹಿಡಿದರೆ, ಆಷಾಢದಲ್ಲಿ ನರ್ಸರಿಯ ಜಾಗದಲ್ಲಿ ನಾಲ್ಕು ಅಡಿ ಗುಂಡಿ ತೋಡಿ, ಮೇಲೆ ಟಾರ್ಪಾಲು ಹೊದಿಸಿ ಒಂದು ವಾರ ಬಿಡಲು ಹೇಳಿ. ತಳದಲ್ಲಿ ನೀರು ಜಿನುಗಿ ನಿಂತರೆ ಆ ಮಾತು ಅಲ್ಲಿಗೇ ಮುಗಿಯಿತು.

ಅಮ್ಮನಿಗೆ ಮಂಡಿನೋವಿನ ಮಾತ್ರೆ ತಪ್ಪಿಸಬಾರದೆಂದು ಹೇಳಿ.

ಇಂತಿ ನಿಮ್ಮ ಪ್ರೀತಿಯ ಮಗಳು