ಇನ್ನು ಬಿಲ್ಲಿನಲ್ಲಿ ‘ಬರ್ಮಾ ತೇಗ’ ಇರುವುದಿಲ್ಲ

ಆತ್ಮೀಯ ಗ್ರಾಹಕರೇ,

ಬರುವ ತಿಂಗಳಿಂದ ನಮ್ಮ ಬಡಗಿಗಳ ಸಂಘ ‘ಬರ್ಮಾ ತೇಗ’ ಎಂದು ಹೇಳಿ ಏನನ್ನೂ ಮಾರುವುದಿಲ್ಲ. ದಾರಂದ, ಬಾಗಿಲು ಎರಡಕ್ಕೂ ಘಾನಾದ ತೋಟದ ತೇಗ ಬಳಸುತ್ತೇವೆ. ಬಿಲ್ಲಿನಲ್ಲೂ ಹಾಗೆಯೇ ಬರೆಯುತ್ತೇವೆ.

“ಪೇಟೆಯಲ್ಲಿ ಎಲ್ಲರೂ ಕೊಡ್ತಾರೆ, ನಿಮ್ಮಲ್ಲಿ ಮಾತ್ರ ಯಾಕಿಲ್ಲ?” ಎಂದು ಕೆಲವರು ಆಗಲೇ ಕೇಳಿದ್ದಾರೆ. ಕೇಳಬೇಕಾದ ಮಾತೇ. ಉತ್ತರ ಸ್ವಲ್ಪ ಉದ್ದವಿದೆ.

1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟ ಮೇಲೆ ನಮ್ಮ ಕಾಡುಗಳಲ್ಲಿ ಮರ ಕಡಿಯುವುದು ಬಿಗಿಯಾಯಿತು. 1998ರಲ್ಲಿ ಚೀನಾದ ಯಾಂಗ್ಟ್ಸೆ ನದಿಗೆ ಭಾರಿ ನೆರೆ ಬಂತು. ಕಾಡು ಬೋಳಾದದ್ದೇ ಕಾರಣವೆಂದು ಅವರೂ ಕೊಡಲಿ ಕೆಳಗಿಟ್ಟರು. ಮನೆ ಕಟ್ಟುವುದು ನಿಲ್ಲುತ್ತದಾ? ಇಬ್ಬರೂ ಪಕ್ಕದ ಮನೆಯ ಹಿತ್ತಿಲು ನೋಡಿದರು.

ನೋಡಿದ ರೀತಿ ಮಾತ್ರ ಬೇರೆ. ಚೀನಾ ಪಪುವಾ ನ್ಯೂಗಿನಿ, ಸೊಲೊಮನ್ ದ್ವೀಪ, ಆಫ್ರಿಕಾದಿಂದ ದಿಮ್ಮಿ ತಂದು, ಪ್ಲೈವುಡ್, ಪೀಠೋಪಕರಣ ಮಾಡಿ, ಅದರಲ್ಲಿ ದೊಡ್ಡ ಪಾಲನ್ನು ಅಮೆರಿಕ, ಯುರೋಪಿಗೆ ಮಾರಿತು. ನಾವು ತಂದದ್ದು ಹೆಚ್ಚಾಗಿ ನಮ್ಮ ಮನೆಗೇ. ಮಲೇಷಿಯಾದ ಮೆರಾಂಟಿ, ‘ಮಲೇಷಿಯಾ ಸಾಲ್’ ಮರಗಳು ಗುಜರಾತಿನ ಕಾಂಡ್ಲಾ ಬಂದರಿಗೆ ಬಂದವು. ಬರ್ಮಾದ ತೇಗ, ಪಿಂಕೋಡಾ ಎಂಬ ಗಟ್ಟಿ ಮರ ನಮ್ಮ ದಾರಂದವಾದವು. ಕುಯ್ದ ಹಲಗೆಗೆ ಸುಂಕ ಜಾಸ್ತಿ ಇದ್ದುದರಿಂದ ಇಡೀ ದಿಮ್ಮಿಯೇ ನಮಗೆ ಬೇಕಿತ್ತು.

ಆ ಹಿತ್ತಿಲಿಗೂ ಬೀಗ ಬಿತ್ತು. ಆಫ್ರಿಕಾದ ಗ್ಯಾಬನ್ 2010ರಲ್ಲಿ ದಿಮ್ಮಿ ರಫ್ತು ನಿಲ್ಲಿಸಿತು. ಚೀನಾದವರೂ ನಮ್ಮವರೂ ಅಲ್ಲಿಯೇ ಹೋಗಿ ಮಿಲ್ಲು ಹಾಕಿದರು. 2014ರ ಏಪ್ರಿಲ್ 1ರಿಂದ ಬರ್ಮಾವೂ ನಿಲ್ಲಿಸಿತು. ಅಲ್ಲಿನ ತೇಗದ ದಿಮ್ಮಿಗೆ ಭಾರತವೇ ದೊಡ್ಡ ಗಿರಾಕಿಯಾಗಿತ್ತು, ಹಾಗಾಗಿ ಏಟು ಬಿದ್ದದ್ದು ನಮಗೇ. ಚೀನಾಕ್ಕೆ ಬರ್ಮಾ ಗಡಿಯ ಆಚೆಗೇ ಇದೆ ನೋಡಿ, ಅವರಿಗೆ ಕಳ್ಳದಾರಿ ಹತ್ತಿರ. 2015ರ ಜನವರಿಯಲ್ಲಿ ಬರ್ಮಾದ ಕಚಿನ್ ರಾಜ್ಯದಲ್ಲಿ ಕದ್ದು ಮರ ಕಡಿಯುತ್ತಿದ್ದ 150ಕ್ಕೂ ಹೆಚ್ಚು ಚೀನೀಯರು ಸಿಕ್ಕಿಬಿದ್ದರು.

ಹೀಗಿದ್ದೂ ಪೇಟೆಯಲ್ಲಿ ‘ಬರ್ಮಾ’ ಮಾತ್ರ ಖಾಲಿಯಾಗಲಿಲ್ಲ! ನಾವೂ ಒಮ್ಮೆ ಬೇಸ್ತು ಬಿದ್ದೆವು. ಬರ್ಮಾ ಎಂದು ಕೊಂಡ ಲೋಡನ್ನು ಗರಗಸಕ್ಕೆ ಕೊಟ್ಟಾಗ ಗೊತ್ತಾಯಿತು. ಕಾಡಿನ ಹಳೇ ತೇಗದ ವರ್ಷದ ಗೆರೆಗಳು ಒತ್ತೊತ್ತಾಗಿ, ಪುಸ್ತಕದ ಹಾಳೆಗಳ ಹಾಗಿರುತ್ತವೆ. ಇದರಲ್ಲಿ ಗೆರೆಗಳ ನಡುವೆ ಕಿರುಬೆರಳು ಹಿಡಿಯುವಷ್ಟು ಜಾಗ. ಸುತ್ತ ಎರಡು ಬೆರಳು ಬಿಳಿ, ಅಂದರೆ ತೊಗಟೆಯ ಒಳಗಿನ ಎಳೆ ಮರ. ಇಪ್ಪತ್ತು, ಇಪ್ಪತ್ತೈದು ವರ್ಷದ ತೋಟದ ಮರ ಅದು. ಮರದ ತಪ್ಪಿಲ್ಲ, ಹೆಸರು ಸುಳ್ಳು.

ತೋಟದ ತೇಗದಲ್ಲಿ ಅಗಲ ಹಲಗೆ ಸಿಗುವುದು ಕಷ್ಟ. ಹಾಗಾಗಿ ಬಾಗಿಲಿನ ಪ್ಯಾನೆಲ್ಲಿನಲ್ಲಿ ಎರಡು ಮೂರು ಹಲಗೆಯ ಜೋಡಣೆ ಕಾಣುತ್ತದೆ. ಬಣ್ಣವೂ ಮೊದಲಿಗೆ ಸ್ವಲ್ಪ ಪೇಲವ. ಕುಟ್ಟೆ ಹುಳ ಮೊದಲು ಹಿಡಿಯುವುದು ಬಿಳಿಯನ್ನೇ, ಅದನ್ನು ಪೂರ್ತಿ ಕುಯ್ದು ತೆಗೆಯುತ್ತೇವೆ. ಅದರಿಂದ ಹಾಳಾಗುವ ಮರದ ಲೆಕ್ಕ ನಿಮ್ಮ ಘನ ಅಡಿಗೆ ಸೇರುವುದಿಲ್ಲ.

ಈಗಾಗಲೇ ಮುಂಗಡ ಕೊಟ್ಟವರು ಬಂದು ಮರ ನೋಡಿ. ಬೇಡ ಅನ್ನಿಸಿದರೆ ಹಣ ವಾಪಸ್, ಬೇಸರವಿಲ್ಲ. ಹಲಸು, ಹೆಬ್ಬಲಸು ಬೇಕಾದವರು ಮಾತ್ರ ಗೃಹಪ್ರವೇಶಕ್ಕೆ ಮೂರು ತಿಂಗಳ ಮೊದಲೇ ಹೇಳಿ, ಒಣಗಲು ಅಷ್ಟು ದಿನ ಬೇಕು.

ಇಂತಿ,
ಸಂಘದ ಬಡಗಿಗಳು