ಪಕ್ಕದ ರೂಮಿನ ಫಿಲಿಪೀನ್ಸ್ ಹುಡುಗಿ

ಗೊಟ್ಟಿಂಗೆನ್, ಜರ್ಮನಿ
ಡಿಸೆಂಬರ್ ಮೊದಲ ವಾರ

ಅಪ್ಪ, ಅಮ್ಮ, ಅಜ್ಜಿಗೆ ನಮಸ್ಕಾರ. ತಮ್ಮನಿಗೆ ಪ್ರೀತಿ. ನನ್ನ ಸ್ಕೂಟಿ ಓಡಿಸಲಿ, ಪರವಾಗಿಲ್ಲ, ಪೆಟ್ರೋಲ್ ಮಾತ್ರ ಅವನದೇ ಆಗಿರಲಿ.

ಅಮ್ಮ, ಫೋನ್ ಮಾಡಿದಾಗೆಲ್ಲ "ಅಲ್ಲಿ ನಿನ್ನ ಜೊತೆಗೆ ಯಾರಿದಾರೆ?" ಅಂತ ಕೇಳ್ತೀಯಲ್ಲ, ಅದನ್ನು ಫೋನಿನಲ್ಲಿ ಹೇಳಿ ಮುಗಿಸೋಕೆ ಆಗಲ್ಲ. ಅದಕ್ಕೇ ಈ ಪತ್ರ. ಜೊತೆಗಿರೋದು ಪಕ್ಕದ ರೂಮಿನ ಹುಡುಗಿ. ಫಿಲಿಪೀನ್ಸಿನವಳು. ಅಲ್ಲಿನ ಯೂನಿವರ್ಸಿಟಿಯಿಂದ ಒಂದು ಸೆಮಿಸ್ಟರ್ ಮಟ್ಟಿಗೆ ಇಲ್ಲಿಗೆ ಬಂದಿದ್ದಾಳೆ. ಮಾರ್ಚಿಗೆ ವಾಪಸ್.

ಅಪ್ಪನಿಗೆ ಅವಳ ಊರು ಗೊತ್ತಿರಲಿಕ್ಕಿಲ್ಲ, ಆದರೆ ಆ ಊರಿನ ಭತ್ತ ಚೆನ್ನಾಗಿ ಗೊತ್ತು. ಮನಿಲಾದಿಂದ ದಕ್ಷಿಣಕ್ಕೆ ಲಾಸ್ ಬಾನ್ಯೋಸ್ ಅಂತ ಊರು. 1960ರಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಶುರುವಾದದ್ದು ಅಲ್ಲೇ. ತಾತ ಹೇಳುತ್ತಿದ್ದ ಐಆರ್ 8 ಭತ್ತದ ತಳಿ ಹೊರಬಂದದ್ದು 1966ರಲ್ಲಿ. ನಮ್ಮ ಕೆಳಗದ್ದೆಯಲ್ಲಿ ನಾಟಿ ಹಾಕೋ ಐಆರ್ 64 ಬಂದದ್ದು 1985ರಲ್ಲಿ. ಎರಡೂ ಅಲ್ಲಿಯವೇ. ಇವಳ ಕಾಲೇಜಿನ ಪಕ್ಕದಲ್ಲೇ ಆ ಗದ್ದೆಗಳಿವೆಯಂತೆ.

ನಮ್ಮ ಗದ್ದೆಯ ಫೋಟೊ ತೋರಿಸಿದೆ. ಎಲ್ಲರೂ "ಎಷ್ಟು ಹಸಿರು" ಅನ್ನುತ್ತಾರೆ. ಇವಳು ಫೋಟೊ ದೊಡ್ಡದು ಮಾಡಿ ಬದುವಿನ ಹತ್ತಿರ ನೋಡಿ, "ಇಷ್ಟು ನೀರು ಯಾಕೆ ನಿಲ್ಲಿಸಿದಾರೆ?" ಅಂದಳು. ಅಪ್ಪ, ಬೇಜಾರು ಮಾಡ್ಕೋಬೇಡಿ. ಅವಳು ಓದುತ್ತಿರೋದೇ ಅದನ್ನ. ತೂತು ಕೊರೆದ ಒಂದು ಪೈಪನ್ನು ಗದ್ದೆಯಲ್ಲಿ ಹೂಳುತ್ತಾರೆ. ಒಳಗೆ ಇಣುಕಿದರೆ ನೀರು ಎಲ್ಲಿಗೆ ಇಳಿದಿದೆ ಅಂತ ಕಾಣುತ್ತದೆ. ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಹೋಗುವವರೆಗೂ ಮತ್ತೆ ನೀರು ಕಟ್ಟೋದಿಲ್ಲ. ಪೈರು ಹೂವಾಡುವ ಹೊತ್ತಿನಲ್ಲಿ ಮಾತ್ರ ಗದ್ದೆ ಒಣಗಬಾರದು, ಆಗ ನೀರು ನಿಂತಿರಲೇಬೇಕು. ನೀರೂ ಉಳಿಯುತ್ತೆ, ಗದ್ದೆಯಿಂದ ಏಳೋ ಮೀಥೇನ್ ಅನಿಲವೂ ಕಡಿಮೆಯಾಗುತ್ತೆ. ನಾಲೆ ನೀರಿನ ಪಾಳಿಗೆ ರಾತ್ರಿ ಟಾರ್ಚ್ ಹಿಡಿದು ಜಗಳಕ್ಕೆ ಹೋಗೋ ನಮ್ಮೂರಿನವರಿಗೆ ಒಂದು ಪೈಪಿನ ಖರ್ಚು ಏನೂ ಅಲ್ಲ ಅಂತ ನನಗನ್ನಿಸಿತು.

ಈಗ ಅವಳ ಪಾಡು ಕೇಳು ಅಮ್ಮ. ಚಳಿಗೆ ಒಂದು ಜಾಕೆಟ್ ಸಿಕ್ಕಿತು, ಸೆಕೆಂಡ್ ಹ್ಯಾಂಡ್. ಸಂಜೆ ನಾಲ್ಕೂಕಾಲಿಗೆಲ್ಲ ಕತ್ತಲಾಗೋದಕ್ಕೂ ಹೊಂದಿಕೊಂಡಳು. ಒಬ್ಬಳೇ ಕೂತು ಉಣ್ಣೋದು ಮಾತ್ರ ಅವಳಿಗೆ ಆಗಲೇ ಇಲ್ಲ. ನಮ್ಮ ಹಾಸ್ಟೆಲಿನಲ್ಲಿ ಒಂದು ಮಹಡಿಗೆಲ್ಲ ಒಂದೇ ಅಡುಗೆಮನೆ. ಫ್ರಿಜ್ಜಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅರೆ, ಅದರ ಮೇಲೆ ಹೆಸರಿನ ಚೀಟಿ. ಇನ್ನೊಬ್ಬರ ಬೆಣ್ಣೆ ಯಾರೂ ಮುಟ್ಟುವಂತಿಲ್ಲ. ಬಂದ ಹೊಸತರಲ್ಲಿ ಇವಳು ಬೆಳಿಗ್ಗೆ ಎದ್ದು ಹಿಂದಿನ ದಿನದ ಅನ್ನಕ್ಕೆ ಬೆಳ್ಳುಳ್ಳಿ ಹುರಿದು ಹಾಕಿ ಸಿನಾಂಗಾಗ್ ಮಾಡಿದಳು. ದೊಡ್ಡ ಬಾಣಲೆ ತುಂಬ. ಬಂದವರಿಗೆಲ್ಲ "ತಿನ್ನಿ, ತಿನ್ನಿ" ಅಂತ ತಟ್ಟೆಗೆ ಹಾಕಿದಳು. ಒಬ್ಬ ಜರ್ಮನ್ ಹುಡುಗ ಚೆನ್ನಾಗಿಯೇ ತಿಂದ, ತಟ್ಟೆ ತೊಳೆದ, ಆಮೇಲೆ ಎರಡು ಯೂರೊ ನಾಣ್ಯ ತೆಗೆದು ಮೇಜಿನ ಮೇಲಿಟ್ಟ. ಸುಮ್ನೆ ಲೆಕ್ಕ ಚುಕ್ತಾ ಮಾಡಿದ, ಅಷ್ಟೇ. ಅವನ ಮನಸ್ಸಿನಲ್ಲಿ ಏನೂ ಕೆಟ್ಟದ್ದಿರಲಿಲ್ಲ. ಇವಳು ಮಾತ್ರ ಆ ನಾಣ್ಯವನ್ನೇ ನೋಡುತ್ತ ನಿಂತಳು. ನಮ್ಮನೆಯಲ್ಲಿ ತಿಂಡಿ ತಿಂದು ನೆಂಟರು ಹಾಗೆ ದುಡ್ಡಿಟ್ಟು ಹೋಗಿದ್ದರೆ ನೀನೇನು ಮಾಡುತ್ತಿದ್ದೆಯೋ! ಆ ನಾಣ್ಯ ಇನ್ನೂ ಅಡುಗೆಮನೆ ಕಿಟಕಿ ಮೇಲೆ ಬಿದ್ದಿದೆ, ಯಾರೂ ತೆಗೆದುಕೊಂಡಿಲ್ಲ. ಆ ಹುಡುಗ ಈಗ ಶನಿವಾರ ಅವಳ ಪಾಲಿನ ಕಸವನ್ನೂ ಸೇರಿಸಿ ಕೆಳಗೆ ಹಾಕಿ ಬರುತ್ತಾನೆ. ಅದು ಅವನ ಲೆಕ್ಕ ಇರಬೇಕು.

ಇನ್ನೊಂದು ತಮಾಷೆ. ವಿಳಾಸ ನೋಂದಾಯಿಸೋಕೆ ಇಬ್ಬರೂ ಒಟ್ಟಿಗೆ ಕಚೇರಿಗೆ ಹೋಗಿದ್ದೆವು. ಫಿಲಿಪೀನ್ಸಿನವರು ಹೌದು ಅನ್ನೋದಕ್ಕೆ ಹುಬ್ಬು ಎತ್ತುತ್ತಾರೆ, ಬಾಯಿ ಬಿಡೋದಿಲ್ಲ. ನಾನೋ, ತಲೆ ಆ ಕಡೆ ಈ ಕಡೆ ಆಡಿಸುವವಳು. ಅಲ್ಲಿದ್ದ ಹೆಂಗಸು ಏನೋ ಕೇಳಿದಳು. ಇವಳು ಹುಬ್ಬೆತ್ತಿದಳು. ಆಕೆ ಇನ್ನೂ ನಿಧಾನವಾಗಿ ಕೇಳಿದಳು. ಇವಳು ಹುಬ್ಬನ್ನು ಇನ್ನೂ ಮೇಲಕ್ಕೆತ್ತಿದಳು. ಆಕೆ ಸಹಾಯಕ್ಕೆ ಅಂತ ನನ್ನ ಕಡೆ ತಿರುಗಿದಳು. ನಾನು ತಲೆ ಆಡಿಸಿದೆ. ಪಾಪ, ಆಕೆ ಪೆನ್ನು ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದ್ದು ನೆನೆದರೆ ಈಗಲೂ ನಗು ಬರುತ್ತೆ.

ಮಾರ್ಕ್ಸ್ ವಿಷಯದಲ್ಲಿ ಅವಳಿಗೆ ತೊಂದರೆಯಿಲ್ಲ. ಇಲ್ಲಿ 1.0 ಅಂದರೆ ಎಲ್ಲಕ್ಕಿಂತ ಮೇಲು, 5.0 ಅಂದರೆ ಫೇಲ್. ಅವಳ ಯೂನಿವರ್ಸಿಟಿಯಲ್ಲೂ ಹಾಗೇ. ನನಗೆ 1.3 ಬಂತು ಅಂದಾಗ ಅಪ್ಪ ಮಾತೇ ಆಡದೆ ಫೋನ್ ಅಮ್ಮನ ಕೈಗೆ ಕೊಟ್ಟಿದ್ದರಲ್ಲ, ಅದನ್ನು ಹೇಳಿದೆ. ಬಿದ್ದು ಬಿದ್ದು ನಕ್ಕಳು. ಬಚ್ಚಲಿನ ವಿಷಯದಲ್ಲಿ ಇಬ್ಬರದೂ ಒಂದೇ ಜಾತಿ: ನಾನು ಊರಿನಿಂದ ಪ್ಲಾಸ್ಟಿಕ್ ಮಗ್ ತಂದಿದ್ದೆ, ಅವಳು ತಾಬೊ, ಅಂದರೆ ಅವರ ಕಡೆಯ ಉದ್ದ ಹಿಡಿಯ ಮಗ್, ತಂದಿದ್ದಳು. ಜಾಸ್ತಿ ಬರೆಯೋಲ್ಲ, ನಿಮಗೆ ಅರ್ಥವಾಗುತ್ತೆ.

ನಿಜವಾಗಿ ನಾನು ಹೇಳಬೇಕು ಅಂದುಕೊಂಡದ್ದು ಅವಳ ಫೋನಿನ ವಿಷಯ. ಅವಳ ಅಮ್ಮ ದೋಹಾದಲ್ಲಿ ನರ್ಸ್. ಇವಳು ಶಾಲೆಗೆ ಸೇರುವ ಮೊದಲೇ ಹೋದವರು. ಇವಳನ್ನು ಬೆಳೆಸಿದ್ದು ಅಜ್ಜಿ. ಅವರ ದೇಶದವರು ಸುಮಾರು ಒಂದು ಕೋಟಿ ಜನ ಹೊರಗಿದ್ದಾರಂತೆ, ಮನೆಮನೆಯಲ್ಲೂ ಇದೇ ಕಥೆ. ಹಾಗಾಗಿ ದೂರ ಇದ್ದುಕೊಂಡು ಸಂಸಾರ ನಡೆಸೋದು ಅವರಿಗೆ ಅಭ್ಯಾಸ. ಸಂಜೆ ಅಮ್ಮನಿಗೆ ಫೋನ್ ಹಚ್ಚಿ ಗೋಡೆಗೆ ಒರಗಿಸಿ ಇಡುತ್ತಾಳೆ. ಆಮೇಲೆ ಇಬ್ಬರೂ ಮಾತಾಡೋದೇ ಕಡಿಮೆ. ಆ ಕಡೆ ಅವರು ಈರುಳ್ಳಿ ಹೆಚ್ಚುತ್ತಾರೆ, ಈ ಕಡೆ ಇವಳು ಓದುತ್ತಾಳೆ. ನಡುವೆ ಒಂದು ಬೈಗುಳ, ಒಂದು ಚಾಡಿ. ಪಕ್ಕದ ಮನೆಯವರ ಹಂದಿ ಎಷ್ಟಕ್ಕೆ ಹೋಯಿತು, ಮಾವ ಯಾರ ಹತ್ತಿರ ಸಾಲ ಮಾಡಿದ, ಎಲ್ಲ ಇವಳಿಗೆ ಗೊತ್ತು.

ನಾವೇನು ಮಾಡ್ತೀವಿ? ಊಟ ಆಯ್ತಾ, ಹುಷಾರಾಗಿದ್ದೀಯಾ, ಸರಿ ಇಡ್ಲಾ. ಐದು ನಿಮಿಷ. ಅಜ್ಜಿ ಅಂಗಳದಲ್ಲಿ ಜಾರಿ ಬಿದ್ದದ್ದನ್ನು ದೀಪಾವಳಿ ಕಳೆದ ಮೇಲೆ ಹೇಳಿದಿರಿ, "ನಿನಗೆ ಯಾಕೆ ಸುಮ್ನೆ ಚಿಂತೆ" ಅಂತ. ಇದನ್ನು ಅವಳಿಗೆ ಹೇಳಿದಾಗ ಅವಳು ನಗಲಿಲ್ಲ. ಅವಳ ತಾತ ತೀರಿಕೊಂಡ ಸುದ್ದಿಯನ್ನು ಅವರ ಮನೆಯವರೂ ಅವಳ ಅಮ್ಮನಿಗೆ ತಡವಾಗಿ ತಿಳಿಸಿದ್ದರಂತೆ, ಡ್ಯೂಟಿ ಕೆಡದಿರಲಿ ಅಂತ. ಅವತ್ತಿನಿಂದ ಅವರಮ್ಮ ಒಂದು ಕಟ್ಟುನಿಟ್ಟು ಮಾಡಿದ್ದಾರೆ: ಕೆಟ್ಟ ಸುದ್ದಿ ಮೊದಲು, ಆಮೇಲೆ ಅಡುಗೆ ಏನು ಅಂತ. ಅಮ್ಮ, ನನಗೂ ಹಾಗೇ ಬೇಕು. ನನ್ನ ನಿದ್ದೆ ಕೆಡುತ್ತೆ ಅಂತ ಯೋಚಿಸಬೇಡ. ಗೊತ್ತಿಲ್ಲದೆ ಇರೋದರಿಂದಲೇ ನಿದ್ದೆ ಜಾಸ್ತಿ ಕೆಡೋದು.

ಅವಳಿಗೆ ಈಗ ಕ್ರಿಸ್‌ಮಸ್ ಸಂಭ್ರಮ. ಅವರ ಕಡೆ ಸೆಪ್ಟೆಂಬರ್‌ನಿಂದಲೇ ಹಾಡು ಶುರು. ಡಿಸೆಂಬರ್ 16ರಿಂದ 24ರವರೆಗೆ ಬೆಳಗಿನ ಜಾವ ಚರ್ಚಿಗೆ ಹೋಗುತ್ತಾರಂತೆ, ನಮ್ಮ ಧನುರ್ಮಾಸದ ಪೂಜೆ ಹಾಗೆ. ಹೊರಗೆ ಬಿಸಿಬಿಸಿ ಅಕ್ಕಿ ಕಡುಬು ಮಾರುತ್ತಾರಂತೆ. ಅಲ್ಲಿ ಬೆಳಿಗ್ಗೆ ನಾಲ್ಕು ಅಂದರೆ ಇಲ್ಲಿ ಹಿಂದಿನ ರಾತ್ರಿ ಒಂಬತ್ತು, ಆದ್ದರಿಂದ ಫೋನಿನಲ್ಲೇ ನೋಡುತ್ತಾಳಂತೆ. ಮೊನ್ನೆ ಬಿದಿರು ಕಡ್ಡಿ, ಬಣ್ಣದ ಕಾಗದ ತಂದು ನಕ್ಷತ್ರದ ದೀಪ ಕಟ್ಟಿದಳು. ನಾನು ಅಂಟು ಹಚ್ಚಿದೆ. ಒಂದು ಮೂಲೆ ಸೊಟ್ಟಗಿದೆ, ಅದು ನನ್ನ ಭಾಗ.

ಈ ಭಾನುವಾರ ಫೋನ್ ಮಾಡಿದಾಗ ಇಡಬೇಡಿ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಕ್ಕೆ ಒರಗಿಸಿಡು ಅಮ್ಮ, ನೀನು ಮುದ್ದೆ ತಿರುವೋದು ಕಾಣಬೇಕು. ಅಜ್ಜಿಯ ಕಾಲಿನ ಊತ ಇಳಿಯಿತಾ, ಡಾಕ್ಟರ್ ಏನಂದರು, ಇದ್ದದ್ದು ಇದ್ದ ಹಾಗೆ ಹೇಳಿ. ಅಪ್ಪ, ನಾಲೆಗೆ ಈ ಸಲ ಬೇಸಿಗೆ ಬೆಳೆಗೆ ನೀರು ಬಿಡುತ್ತಾರಾ ಅಂತ ಅವಳು ಕೇಳುತ್ತಿದ್ದಾಳೆ. ನೀವೇ ಅವಳಿಗೆ ಹೇಳಿ, ನಾನು ಪಕ್ಕದಲ್ಲಿ ಕೂತು ಇಂಗ್ಲಿಷಿನಲ್ಲಿ ಹೇಳುತ್ತೇನೆ. ಪೈಪ್ ಎಷ್ಟು ಉದ್ದ ಇರಬೇಕು ಅಂತ ಅವಳು ಚಿತ್ರ ಬರೆದು ಕೊಟ್ಟಿದ್ದಾಳೆ, ಇದರ ಜೊತೆಗೇ ಇಟ್ಟಿದ್ದೇನೆ.

ನಿಮ್ಮ ಮಗಳು