ಗೇಟಿನ ಹತ್ತಿರ ನಿಂತಿದ್ದ ಅಣ್ಣನಿಗೆ

ಮೊನ್ನೆ ಭಾನುವಾರಕ್ಕೆ ನಾನು ಕುಡಿತ ಬಿಟ್ಟು ಒಂದು ವರ್ಷ ಆಯಿತು. ಮೀಟಿಂಗಿನಲ್ಲಿ ಕೇಕ್ ಕತ್ತರಿಸಿದರು. ಹುಟ್ಟುಹಬ್ಬಕ್ಕೂ ಕೇಕ್ ಕಂಡವನಲ್ಲ ನಾನು, ಮಾತು ಹೊರಡದೆ ಸುಮ್ನೆ ನಿಂತುಬಿಟ್ಟೆ. ಅಲ್ಲಿ ಹೇಳಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರೂ ಹೇಳಲ್ಲ, ನನ್ನದೂ ಹೇಳಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್‌ನಲ್ಲಿ ಅದೇ ರೂಢಿ. ಎಎ ಅಂತಾರಲ್ಲ, ಕುಡಿತ ಬಿಡೋಕೆ ಒಬ್ಬರಿಗೊಬ್ಬರು ಆಸರೆಯಾಗುವವರ ಕೂಟ, ಅದೇ ಇದು. ಓದಿದವರಿಗೆ ತಾವು ಯಾರು ಅಂತ ಗೊತ್ತಾಗುತ್ತೆ.

ಬೆಂಗಳೂರಿನ ಮಾಗಡಿ ರಸ್ತೆ ಕಡೆ ನನ್ನದೊಂದು ಬೈಕ್ ಗ್ಯಾರೇಜ್ ಇದೆ. ಕೊನೆಕೊನೆಗೆ ಬೆಳಿಗ್ಗೆ ಒಂದು ನೈಂಟಿ ಒಳಗೆ ಹೋಗದೆ ಕೈ ನಿಲ್ಲುತ್ತಿರಲಿಲ್ಲ. ಟ್ಯಾಪೆಟ್ ಸೆಟ್ಟಿಂಗ್, ಅಂದರೆ ಎಂಜಿನ್ ವಾಲ್ವಿನ ಸಂದಿ ಸರಿ ಮಾಡುವಾಗ ಕಾಗದದಷ್ಟು ತೆಳುವಾದ ಗೇಜನ್ನು ಸಂದಿಯೊಳಗೆ ತೂರಿಸಬೇಕು. ನಾನು ತೂರಿಸಲು ಹೋದರೆ ಅದು ಅಕ್ಕಪಕ್ಕಕ್ಕೆ ಬಡಿಯೋದು. ಕೆಲಸದ ಹುಡುಗ ನೋಡಿಯೂ ನೋಡದ ಹಾಗೆ ಸ್ಪ್ಯಾನರ್ ಒರೆಸುತ್ತಾ ಕೂರುತ್ತಿದ್ದ. ಟೆಟ್ರಾ ಪ್ಯಾಕ್ ಎಲ್ಲಿ ಬಚ್ಚಿಟ್ಟಿದ್ದೀನಿ ಅಂತ ಅವನಿಗೆ ಗೊತ್ತಿತ್ತು. ಒಂದು ದಿನವೂ ನಮ್ಮ ಮನೆಗೆ ಹೋಗಿ ಹೇಳಲಿಲ್ಲ. ಹೇಳಿದ್ದರೇ ಒಳ್ಳೆಯದಿತ್ತು ಅಂತ ಈಗ ಅನ್ನಿಸುತ್ತೆ, ಅದು ಬೇರೆ ಮಾತು. ಆದರೂ ಅಂಗಡಿ ಬಿಟ್ಟು ಹೋಗಲಿಲ್ಲವಲ್ಲ, ಮೊದಲ ಥ್ಯಾಂಕ್ಸ್ ಅವನಿಗೆ.

ನಾನೇ ಬಿಡ್ತೀನಿ ಅಂತ ಒಂದು ಸಲ ಹಟ ಹಿಡಿದು ನಿಲ್ಲಿಸಿದೆ. ಎರಡನೇ ದಿನ ಬಚ್ಚಲಮನೆಯಲ್ಲಿ ಫಿಟ್ಸ್ ಬಂದು ಬಿದ್ದೆ. ವರ್ಷಗಟ್ಟಲೆ ದಿನಾ ಕುಡಿದವರು ಏಕಾಏಕಿ ಬಿಟ್ಟರೆ ಜೀವಕ್ಕೇ ಅಪಾಯ, ಡಾಕ್ಟರ ಹತ್ತಿರ ತೋರಿಸಿಕೊಂಡೇ ಬಿಡಬೇಕು ಅನ್ನೋದು ಆಮೇಲೆ ಗೊತ್ತಾಯಿತು. ಆರು ದಿನ ವಾರ್ಡಿನಲ್ಲಿ ಇಟ್ಟುಕೊಂಡು ಮಾತ್ರೆ ಕೊಟ್ಟರು, ಬಿ1 ವಿಟಮಿನ್ ಇಂಜೆಕ್ಷನ್ ಹಾಕಿದರು. ಗೋಡೆ ಮೇಲೆಲ್ಲ ಇರುವೆ ಹರೀತಿವೆ ಅಂತ ನಾನು ನಡುರಾತ್ರಿ ಕೂಗಾಡಿದಾಗ ಒಬ್ಬರು ಸಿಸ್ಟರ್ ಲೈಟ್ ಹಾಕಿ, ಗೋಡೆಯ ಮೇಲೆ ತಮ್ಮ ಕೈಯಾಡಿಸಿ, "ನೋಡಿ ಅಣ್ಣ, ಏನೂ ಇಲ್ಲ" ಅಂದರು. ಬೈಯಲಿಲ್ಲ. ಸಿಸ್ಟರ್, ನಿಮ್ಮ ಆ ಕೈ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮನೆಗೆ ಬಂದ ಮೇಲೆ ಶುರುವಾಯಿತು ನಿಜವಾದ ಕಷ್ಟ. ಸಂಜೆ ಆರರಿಂದ ಒಂಬತ್ತರವರೆಗೆ ಮನುಷ್ಯ ಏನು ಮಾಡಬೇಕು? ನಮ್ಮ ಭಾವಮೈದ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟವನು, ಈಗಲೂ ಹಾಗೆ ಬಿಟ್ಟವರು ಸೇರುವ ಊರಿನ ನವಜೀವನ ಸಮಿತಿಗೆ ತಪ್ಪದೆ ಹೋಗುತ್ತಾನೆ. ಎಂಟು ದಿನದ ಶಿಬಿರ, ನೀವೂ ಬನ್ನಿ ಭಾವ ಅಂದ. ಮತ್ತೆ ಎಂಟು ದಿನ ಗ್ಯಾರೇಜ್ ಮುಚ್ಚೋಕೆ ನನಗೆ ಧೈರ್ಯ ಬರಲಿಲ್ಲ. ಒಂದು ರಾತ್ರಿ ನಿದ್ದೆ ಬಾರದೆ 14416ಕ್ಕೆ ಫೋನ್ ಮಾಡಿದೆ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಯಾವ ಹೊತ್ತಿನಲ್ಲಾದರೂ ಎತ್ತುತ್ತಾರೆ. ಕನ್ನಡದಲ್ಲೇ ಮಾತಾಡಿದರು. ನಿಮ್ಮ ಏರಿಯಾದಲ್ಲಿ ಎಎ ಮೀಟಿಂಗ್ ಇದೆಯಾ ನೋಡಿ ಅಂದರು. ನಮ್ಮನೆಯವಳು ಮೊಬೈಲಿನಲ್ಲಿ ಹುಡುಕಿ, ಕ್ಯಾಲೆಂಡರ್ ಹಾಳೆ ಹರಿದು ಅದರ ಹಿಂದೆ ವಿಳಾಸ ಬರೆದುಕೊಟ್ಟಳು. ಏನೂ ಹೇಳಲಿಲ್ಲ. ಜೇಬಿಗೆ ತುರುಕಿದಳು, ಅಷ್ಟೆ.

ಹೋದರೆ ಅದೊಂದು ಚರ್ಚ್ ಕಾಂಪೌಂಡು, ಒಳಗೆ ಸ್ಕೂಲು. ಇದೇನು ಪ್ರಾರ್ಥನೆ ಕೂಟ ಇರಬಹುದಾ ಅಂತ ಅನುಮಾನ. (ಅಲ್ಲ. ರೂಮು ಮಾತ್ರ ಅವರದು, ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ.) ಮೊದಲ ವಾರ ಎದುರಿನ ಬೇಕರಿಯಲ್ಲಿ ಎರಡು ಟೀ ಕುಡಿದು ವಾಪಸ್ ಬಂದೆ. ಎರಡನೇ ವಾರ ಗೇಟಿನವರೆಗೆ ಹೋದೆ. ಅಲ್ಲಿ ಅರವತ್ತು ದಾಟಿದ ಒಬ್ಬರು ಫ್ಲಾಸ್ಕ್ ಹಿಡಿದು ನಿಂತಿದ್ದರು. ನನ್ನನ್ನು ನೋಡಿ, "ಈ ಲೋಟ ಸ್ವಲ್ಪ ಹಿಡ್ಕೊಳಪ್ಪ, ಮೇಲೆ ಹೋಗೋಣ" ಅಂದರು. ಮೀಟಿಂಗಿಗಾ ಬಂದಿದ್ದು ಅಂತ ಕೇಳಿದ್ದರೆ ಖಂಡಿತ ಇಲ್ಲ ಅಂದುಬಿಡುತ್ತಿದ್ದೆ. ಒಂದರೊಳಗೊಂದು ಸೇರಿಸಿದ ಹದಿನೈದು ಸ್ಟೀಲ್ ಲೋಟ ಕೈಗೆ ಬಂದ ಮೇಲೆ ಓಡಿಹೋಗೋಕಾಗುತ್ತಾ? ಮೆಟ್ಟಿಲು ಹತ್ತುವಷ್ಟು ಹೊತ್ತೂ ಅವು ನನ್ನ ಕೈಯಲ್ಲಿ ಗಲಗಲ ಅಂದವು. ಅಣ್ಣ ತಿರುಗಿ ನೋಡಲಿಲ್ಲ.

ನಾಲ್ಕನೇ ಕ್ಲಾಸಿನ ಬೆಂಚು, ಮಂಡಿ ಒಳಗೆ ಹೋಗಲ್ಲ. ಬೋರ್ಡಿನ ಮೇಲೆ ಏಳರ ಮಗ್ಗಿ. ಆಟೋ ಓಡಿಸುವವರು, ಬ್ಯಾಂಕಿನವರು, ಒಬ್ಬ ಕಾಲೇಜ್ ಹುಡುಗ. ಫೀಸಿಲ್ಲ. ಕೊನೆಗೆ ಒಂದು ಚೀಲ ಸುತ್ತು ಬರುತ್ತೆ, ಹತ್ತೋ ಇಪ್ಪತ್ತೋ ಹಾಕ್ತಾರೆ. ಕುಡಿತ ಬಿಡಬೇಕು ಅನ್ನೋ ಆಸೆ ಇದ್ದರೆ ಸಾಕು, ಬೇರೆ ಯಾವ ಷರತ್ತೂ ಇಲ್ಲ.

ಅವತ್ತು ಲೋಟ ತೊಳೆಯುವಾಗ ಅಣ್ಣ ಒಂದು ಕತೆ ಹೇಳಿದರು. ಎಎ ಶುರು ಮಾಡಿದ ಇಬ್ಬರಲ್ಲಿ ಒಬ್ಬರು ಅಮೆರಿಕದ ಆಕ್ರನ್ ಊರಿನ ಸರ್ಜನ್, ಡಾಕ್ಟರ್ ಬಾಬ್. 1935ರ ಜೂನ್‌ನಲ್ಲಿ ಒಂದು ಬೆಳಿಗ್ಗೆ ಅವರು ಆಪರೇಷನ್ ಮಾಡಬೇಕಿತ್ತು. ಕೈ ನಡುಗದಿರಲಿ ಅಂತ ಒಂದು ಬಿಯರ್ ಕುಡಿದು ಹೋದರಂತೆ. ಅದೇ ಅವರ ಕೊನೆಯ ಕುಡಿತ. ಅಲ್ಲಿಂದಲೇ ಎಎ ಶುರು ಅಂತ ಲೆಕ್ಕ. "ಸರ್ಜನ್ನಿಗೇ ಹಂಗಾಗಿತ್ತು, ನೀನು ಮೆಕ್ಯಾನಿಕ್ಕು" ಅಂದು ನಕ್ಕರು. ಬೆಳಿಗ್ಗೆಯ ನೈಂಟಿ ವಿಷಯ ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಅವತ್ತು ಬಿಟ್ಟೆ. ಅಣ್ಣ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳೋದು ಅಂತ ಇನ್ನೂ ಗೊತ್ತಾಗಿಲ್ಲ. ಲೋಟ ತೊಳೀತಾ ಇದ್ದೀನಿ.

ಇನ್ನೊಬ್ಬರಿಗೆ ಥ್ಯಾಂಕ್ಸ್ ಅಲ್ಲ, ಕ್ಷಮೆ ಕೇಳಬೇಕು. ಎರಡು ವರ್ಷದ ಹಿಂದೆ ಯುಗಾದಿಗೆ ಮುಂಚೆ ಕಪ್ಪು ಸ್ಪ್ಲೆಂಡರ್ ಬಿಟ್ಟು ಹೋಗಿದ್ದಿರಲ್ಲ ಸಾರ್, ಟ್ಯಾಪೆಟ್ ಕೆಡಿಸಿದವನು ನಾನೇ. ಕೇಳೋಕೆ ಬಂದಾಗ ನಿಮ್ಮ ಮೇಲೇ ಕೂಗಾಡಿದೆ. ಗಾಡಿ ಇನ್ನೂ ಇದ್ದರೆ ತನ್ನಿ, ದುಡ್ಡು ಬೇಡ. ಬೆಳಿಗ್ಗೆನೇ ತನ್ನಿ, ಎಂಟಕ್ಕೆ ಬಾಗಿಲು ತೆಗೆದಿರ್ತೀನಿ.